ಬುಡಾಪೆಸ್ಟ್‌ನಿಂದ ಪ್ರಾಗ್‌ವರೆಗೆ ರೈಲಿನಲ್ಲಿ: ಅಮ್ಮನ ಜೊತೆ ಹನ್ನೊಂದು ರಾತ್ರಿ

ಮೊದಲೇ ಹೇಳಿಬಿಡುತ್ತೇನೆ. ಆಸ್ಟ್ರಿಯಾದ ಸರ್ಕಾರಿ ರೈಲು ಓಬಿಬಿಗೆ ನನ್ನ ಕಡೆಯಿಂದ ಐದಕ್ಕೆ ಐದು. ವಿಯೆನ್ನಾ ಊರಿನ ಟ್ರಾಮ್, ಮೆಟ್ರೋಗೂ ಅಷ್ಟೇ. ಹೋದ ಸೆಪ್ಟೆಂಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಹಂಗೇರಿಯ ಬುಡಾಪೆಸ್ಟ್, ಆಸ್ಟ್ರಿಯಾದ ವಿಯೆನ್ನಾ, ಸ್ಲೊವಾಕಿಯಾದ ಬ್ರಾಟಿಸ್ಲಾವಾ, ಚೆಕ್ ದೇಶದ ಪ್ರಾಗ್ ನೋಡಿಕೊಂಡು ಬಂದೆ. ಇಬ್ಬರಿಗೂ ಅದು ಮೊದಲ ವಿದೇಶ ಪ್ರವಾಸ. ಅಮ್ಮನಿಗೆ 63 ವರ್ಷ, ಮಂಡಿ ನೋವು ಇದೆ, ಮೊಟ್ಟೆಯನ್ನೂ ತಿನ್ನುವುದಿಲ್ಲ. ವಿಮಾನ ಮತ್ತು ವೀಸಾ ಬಿಟ್ಟರೆ ಉಳಿದ ಖರ್ಚೆಲ್ಲ, ಅಂದರೆ ರೂಮು, ಊಟ, ರೈಲು, ಟಿಕೆಟ್ಟು ಎಲ್ಲ ಸೇರಿ ಇಬ್ಬರಿಗೆ ದಿನಕ್ಕೆ ಸರಾಸರಿ 130 ಯೂರೋ ಆಯಿತು. ಒಂದು ಯೂರೋಗೆ ಸುಮಾರು ನೂರು ರೂಪಾಯಿ ಅಂತ ಲೆಕ್ಕ ಹಿಡಿಯಿರಿ. ಇದೇ ರೀತಿ ಹೋಗಬೇಕು ಅಂದುಕೊಂಡಿರುವವರಿಗೆ ಉಪಯೋಗವಾಗಲಿ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಶುರುವಿನಲ್ಲಿ ನಾನೂ ಪ್ಯಾಕೇಜ್ ಟೂರ್‌ಗಳನ್ನೇ ನೋಡಿದೆ. ಹನ್ನೆರಡು ದಿನಕ್ಕೆ ಏಳು ದೇಶ, ಪ್ಯಾರಿಸ್ಸೂ ಉಂಟು ರೋಮೂ ಉಂಟು. ಪಟ್ಟಿ ನೋಡಿದರೆ ಆಸೆಯಾಗುತ್ತದೆ, ನಿಜ. ಆದರೆ ಒಮ್ಮೆ ನಕ್ಷೆ ತೆಗೆದು ಆ ಊರುಗಳ ನಡುವಿನ ದೂರ ನೋಡಿ. ಹಗಲೆಲ್ಲ ಬಸ್ಸಿನಲ್ಲೇ ಹೋಗುತ್ತದೆ, ಊರು ಸಿಗುವುದು ಎರಡು ಗಂಟೆ. ಅಮ್ಮನ ಮಂಡಿಗೆ ಅದು ಆಗುವ ಮಾತಲ್ಲ. ಹಾಗಾಗಿ ಒಂದೇ ರೈಲು ದಾರಿಯ ಮೇಲಿರುವ ಊರುಗಳನ್ನು ಹುಡುಕಿದೆ. ಬುಡಾಪೆಸ್ಟ್‌ನಿಂದ ವಿಯೆನ್ನಾಕ್ಕೆ ಎರಡೂ ಮುಕ್ಕಾಲು ಗಂಟೆ. ವಿಯೆನ್ನಾದಿಂದ ಪ್ರಾಗ್‌ಗೆ ಸುಮಾರು ನಾಲ್ಕು ಗಂಟೆ, ಬೆಂಗಳೂರಿನಿಂದ ಶಿವಮೊಗ್ಗಕ್ಕೆ ರೈಲಲ್ಲಿ ಹೋಗುವುದಕ್ಕಿಂತ ಕಡಿಮೆ. ಬ್ರಾಟಿಸ್ಲಾವಾ ವಿಯೆನ್ನಾದಿಂದ ಒಂದು ಗಂಟೆಯ ದಾರಿ, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ವಿಮಾನದ ಟಿಕೆಟ್ ಬುಡಾಪೆಸ್ಟ್‌ಗೆ ಹೋಗುವುದು, ಪ್ರಾಗ್‌ನಿಂದ ಬರುವುದು ಅಂತ ಮಾಡಿಸಿದೆ. ಹೋದ ದಾರಿಯಲ್ಲೇ ವಾಪಸ್ ಬರುವ ಒಂದು ದಿನ, ಒಂದು ರೈಲು ಖರ್ಚು ಉಳಿಯಿತು. ಬುಡಾಪೆಸ್ಟ್ ಮೂರು ರಾತ್ರಿ, ವಿಯೆನ್ನಾ ಐದು, ಪ್ರಾಗ್ ಮೂರು.

ವಿಯೆನ್ನಾಕ್ಕೆ ಐದು ರಾತ್ರಿ ಕೊಟ್ಟಿದ್ದರಿಂದ ವೀಸಾಗೂ ಅನುಕೂಲವಾಯಿತು. ಈ ನಾಲ್ಕೂ ದೇಶಕ್ಕೆ ಒಂದೇ ಷೆಂಗೆನ್ ವೀಸಾ ಸಾಕು. ಆದರೆ ಎಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು, ಹಾಗಾಗಿ ಬೆಂಗಳೂರಿನಲ್ಲೇ ಆಸ್ಟ್ರಿಯಾಗೆ ಹಾಕಿದೆವು. ದೊಡ್ಡವರಿಗೆ ಶುಲ್ಕ 90 ಯೂರೋ, ಅರ್ಜಿ ತೆಗೆದುಕೊಳ್ಳುವ ಕೇಂದ್ರದ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ವೈದ್ಯಕೀಯ ಖರ್ಚು ಭರಿಸುವ ಪ್ರವಾಸ ವಿಮೆ ಕಡ್ಡಾಯ. ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆ ಗಳಿಗೆ ಅಂದರೆ 15 ದಿನ ಮುಂಚೆ, ಆದರೆ ಅಲ್ಲಿಯವರೆಗೆ ಕಾಯಲೇಬೇಡಿ.

ಇಲ್ಲಿ ಒಂದು ಇಕ್ಕಟ್ಟು ಇದೆ, ಮೊದಲ ಸಲ ಹೋಗುವವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಓಬಿಬಿಯ ಅಗ್ಗದ ಟಿಕೆಟ್‌ಗೆ ಸ್ಪಾರ್‌ಶೀನೆ ಅಂತ ಹೆಸರು. ಬೇಗ ಕೊಂಡಷ್ಟೂ ಕಡಿಮೆ, ಆದರೆ ಅದೇ ದಿನ ಅದೇ ರೈಲಿಗೆ ಮಾತ್ರ ನಡೆಯುತ್ತದೆ, ಸಾಮಾನ್ಯವಾಗಿ ದುಡ್ಡು ವಾಪಸ್ ಇಲ್ಲ. ವೀಸಾ ಬರದೇ ಅದನ್ನು ಕೊಂಡರೆ ಭಯ, ವೀಸಾ ಬರುವವರೆಗೆ ಕಾದರೆ ರೇಟು ಏರುತ್ತದೆ. ನಾನು ಮಾಡಿದ್ದು ಹೀಗೆ: ಮೂರೂ ಊರಿನಲ್ಲಿ ರದ್ದು ಮಾಡಿದರೆ ಪೂರ್ತಿ ಹಣ ವಾಪಸ್ ಬರುವ ರೂಮುಗಳನ್ನೇ ಹಿಡಿದೆ. ವೀಸಾಗೆ ಆ ಬುಕಿಂಗ್‌ಗಳನ್ನು, ಯಾವ ದಿನ ಎಲ್ಲಿ ಇರುತ್ತೇವೆ ಅನ್ನುವ ಪಟ್ಟಿಯನ್ನು ಕೊಟ್ಟೆ. ಎರಡೂವರೆ ತಿಂಗಳು ಮುಂಚೆ ಅರ್ಜಿ ಹಾಕಿದ್ದರಿಂದ ಪಾಸ್‌ಪೋರ್ಟ್ ಕೈಗೆ ಬಂದ ಸಂಜೆಯೇ ರೈಲು ಟಿಕೆಟ್ ಕೊಂಡೆ, ಆಗಲೂ ಬುಡಾಪೆಸ್ಟ್‌ನಿಂದ ವಿಯೆನ್ನಾಕ್ಕೆ ತಲಾ 25 ಯೂರೋಗೆ ಸಿಕ್ಕಿತು. ಹೊರಡುವ ಹಿಂದಿನ ವಾರ ಕುತೂಹಲಕ್ಕೆ ಅದೇ ರೈಲು ನೋಡಿದರೆ ಎರಡು ಪಟ್ಟು ತೋರಿಸುತ್ತಿತ್ತು. ಯುರೋಪಿನ ಹಲವು ದೇಶಗಳ ರೈಲಿಗೆ ನಡೆಯುವ ಯುರೇಲ್ ಪಾಸ್ ಬಗ್ಗೆ ಸುಮಾರು ಜನ ಹೇಳಿದರು. ಇಷ್ಟು ಹತ್ತಿರದ ಮೂರು ಪ್ರಯಾಣಕ್ಕೆ ಅದು ಬೇಕಾಗಿಲ್ಲ, ಒಂದೊಂದೇ ಟಿಕೆಟ್ ಕೊಳ್ಳುವುದೇ ಅಗ್ಗ.

ಈಗ ಸೀಟಿನ ವಿಷಯ. ನಮ್ಮಲ್ಲಿ ರಿಸರ್ವೇಶನ್ ಟಿಕೆಟ್ ಅಂದರೆ ಬೋಗಿ ನಂಬರು, ಬರ್ತ್ ನಂಬರು ಎಲ್ಲ ಅದರಲ್ಲೇ ಬಂತು. ಅಲ್ಲಿ ಹಾಗಲ್ಲ. ಟಿಕೆಟ್ ಅಂದರೆ ರೈಲು ಹತ್ತುವ ಹಕ್ಕು ಅಷ್ಟೇ, ಸೀಟು ಬೇಕಾದರೆ ಕೆಲವು ಯೂರೋ ಕೊಟ್ಟು ಬೇರೆಯಾಗಿ ಕಾದಿರಿಸಬೇಕು. ನನಗೆ ಇದು ಬುಡಾಪೆಸ್ಟ್‌ನ ಕೆಲೆಟಿ ನಿಲ್ದಾಣದಲ್ಲಿ ಗೊತ್ತಾಯಿತು. ರೈಲ್‌ಜೆಟ್ ಅನ್ನುವ ಓಬಿಬಿಯ ವೇಗದ ಗಾಡಿ, ಕಡು ಕೆಂಪು ಬಣ್ಣ, ಬಾಗಿಲಲ್ಲಿ ಮೆಟ್ಟಿಲು. ಬ್ಯಾಗು ಎತ್ತಿಕೊಂಡು ಅಮ್ಮನನ್ನು ಹತ್ತಿಸಿ ಒಳಗೆ ಹೋದರೆ ಎಲ್ಲ ಸೀಟಿನ ಮೇಲೂ ಸಣ್ಣ ಪರದೆ, ಹೆಚ್ಚಿನವುಗಳಲ್ಲಿ ಊರುಗಳ ಹೆಸರು. ಆ ಸೀಟು ಎಲ್ಲಿಂದ ಎಲ್ಲಿಯವರೆಗೆ ಬೇರೆಯವರದ್ದು ಅಂತ ಅದರ ಅರ್ಥ. ಒಂದು ಸೀಟಿನ ಮೇಲೆ ವಿಯೆನ್ನಾದಿಂದ ಮುಂದಿನ ಊರಿಗೆ ಅಂತ ಇತ್ತು. ಅಂದರೆ ವಿಯೆನ್ನಾದವರೆಗೆ ಅದು ಖಾಲಿ! ಪಕ್ಕದಲ್ಲಿ ಇನ್ನೊಂದಕ್ಕೆ ಹೆಸರೇ ಇರಲಿಲ್ಲ. ಎರಡರಲ್ಲೂ ಕೂತೆವು, ಯಾರೂ ಎಬ್ಬಿಸಲಿಲ್ಲ. ಆದರೆ ಮುಂದಿನ ರೈಲಿಗೆ ಮಾತ್ರ ಅಂದೇ ರಾತ್ರಿ ಸೀಟು ಕಾದಿರಿಸಿದೆ. ವಯಸ್ಸಾದವರು ಜೊತೆಯಲ್ಲಿದ್ದರೆ ಆ ಸ್ವಲ್ಪ ದುಡ್ಡು ಉಳಿಸಲು ಹೋಗಬೇಡಿ.

ಗಾಡಿಯೊಳಗೆ ಅಷ್ಟು ಸದ್ದೇ ಇಲ್ಲ. ಮೇಲೆ ಟಿವಿಯಲ್ಲಿ ಮುಂದಿನ ನಿಲ್ದಾಣ, ವೇಗ ಎಲ್ಲ ಬರುತ್ತಿರುತ್ತದೆ. ಶೌಚಾಲಯ ಚೊಕ್ಕ, ಮತ್ತು ಪುಕ್ಕಟೆ. ನಿಲ್ದಾಣಗಳಲ್ಲಿ ಅದಕ್ಕೂ ಚಿಲ್ಲರೆ ಕೊಡಬೇಕು, ಆದ್ದರಿಂದ ಇಳಿಯುವ ಮೊದಲೇ ಹೋಗಿಬನ್ನಿ. ಗಡಿ ದಾಟಿ ಆಸ್ಟ್ರಿಯಾ ಸೇರುತ್ತಿದ್ದಂತೆ ಬಯಲಿನ ತುಂಬ ಗಾಳಿಯಂತ್ರಗಳು. ಅಮ್ಮ ಕಿಟಕಿಗೆ ಮುಖ ಒತ್ತಿ, "ಏನೇ ಇದು, ಚಿತ್ರದುರ್ಗಕ್ಕೇ ಬಂದ ಹಾಗಿದೆಯಲ್ಲೇ" ಅಂದರು. ದೇಶ ಬದಲಾಗಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ವಿಯೆನ್ನಾ ಮೆಟ್ರೋದಲ್ಲಿ ಗೇಟೇ ಇಲ್ಲ. ನಮ್ಮ ಮೆಟ್ರೋ ಥರ ಕಾರ್ಡ್ ತೋರಿಸಿ ಒಳಗೆ ಹೋಗುವುದು ಅಂತ ಏನೂ ಇಲ್ಲ, ಸೀದಾ ನಡೆದುಕೊಂಡು ಹೋಗಿ ಗಾಡಿ ಹತ್ತುವುದು. ಯಾರೂ ಕೇಳುವುದಿಲ್ಲ ಅಂತ ಟಿಕೆಟ್ ಇಲ್ಲದೇ ಹೋಗಬೇಡಿ, ಸಾದಾ ಬಟ್ಟೆಯಲ್ಲಿ ತಪಾಸಣೆಯವರು ಬರುತ್ತಾರೆ, ದಂಡ 100 ಯೂರೋ ಮೀರುತ್ತದೆ. ಕಾಗದದ ಟಿಕೆಟ್ ಆದರೆ ಮೊದಲ ಸಲ ಹತ್ತುವಾಗ ಸಣ್ಣ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕು. ಪ್ರಾಗ್, ಬುಡಾಪೆಸ್ಟ್‌ನಲ್ಲೂ ಹೆಚ್ಚುಕಡಿಮೆ ಇದೇ ಕ್ರಮ. ದಿನದ ಪಾಸ್ ಅಥವಾ ಹಲವು ದಿನದ ಪಾಸ್ ತೆಗೆದುಕೊಂಡರೆ ಎರಡು ಸ್ಟಾಪ್ ಇದ್ದರೂ ಹತ್ತಿ ಕೂರಬಹುದು. ಅಮ್ಮನಿಗೆ ಸುಸ್ತಾದಾಗ ನಾವು ಸುಮ್ನೆ ಯಾವುದೋ ಟ್ರಾಮ್ ಹತ್ತಿ ಕೂತು ಊರು ನೋಡಿದ್ದೂ ಉಂಟು.

ಹಾಗೆ 71 ನಂಬರ್ ಟ್ರಾಮ್ ಹಿಡಿದು ಊರಾಚೆಯ ದೊಡ್ಡ ಸ್ಮಶಾನಕ್ಕೆ ಹೋದೆವು. ಸ್ಮಶಾನಕ್ಕಾ ಅಂತ ಅಮ್ಮ ಹುಬ್ಬೇರಿಸಿದರು. ಬೀಥೋವನ್, ಶೂಬರ್ಟ್, ಬ್ರಾಹ್ಮ್ಸ್ ಅಂತ ಹೆಸರಾಂತ ಸಂಗೀತಗಾರರ ಸಮಾಧಿ ಅಲ್ಲಿ ಅಕ್ಕಪಕ್ಕದಲ್ಲೇ ಇದೆ, ದೊಡ್ಡ ದೊಡ್ಡ ಮರಗಳು, ಪ್ರವೇಶ ಉಚಿತ. ಷೋನ್‌ಬ್ರುನ್ ಅರಮನೆಯ ಒಳಗೆ ಹೋಗಲು ಟಿಕೆಟ್ ದುಬಾರಿ, ಆದರೆ ಹಿಂದಿನ ತೋಟಕ್ಕೆ ದುಡ್ಡಿಲ್ಲ. ನಾವು ತೋಟದಲ್ಲೇ ಅರ್ಧ ದಿನ ಇದ್ದೆವು.

ದುಡ್ಡಿಗೆ ಸಿಕ್ಕ ಎಲ್ಲಕ್ಕಿಂತ ದೊಡ್ಡ ಸಂತೋಷ ಅಂದರೆ ವಿಯೆನ್ನಾದ ಸ್ಟೇಟ್ ಆಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದ ರಂಗಮಂದಿರ. ಸೀಟಿನ ಟಿಕೆಟ್ 100 ಯೂರೋ ದಾಟುವ ದಿನವೂ ನಿಂತು ನೋಡುವ ಟಿಕೆಟ್ 20 ಯೂರೋ ಒಳಗೆ ಸಿಗುತ್ತದೆ. ಒಳಗೆ ಹೋದವರು ತಮ್ಮ ಜಾಗದ ಕಂಬಿಗೆ ಒಂದು ಸ್ಕಾರ್ಫ್ ಕಟ್ಟಿ ಹೊರಗೆ ಹೋಗುತ್ತಾರೆ. ಆ ಜಾಗ ಅವರದ್ದು ಅಂತ ಎಲ್ಲರೂ ಒಪ್ಪುತ್ತಾರೆ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕುತ್ತೇವಲ್ಲ, ಅದೇ ಪದ್ಧತಿ! ಅಮ್ಮ ತಕ್ಷಣ ತಮ್ಮ ಶಾಲು ತೆಗೆದು ಕಟ್ಟಿದರು. ಎದುರಿಗೆ ಪುಟ್ಟ ಪರದೆಯಲ್ಲಿ ಹಾಡಿನ ಅರ್ಥ ಇಂಗ್ಲಿಷಿನಲ್ಲಿ ಬರುತ್ತದೆ. ನಾನು ಪಿಸುಮಾತಿನಲ್ಲಿ ಒಂದೆರಡು ಸಾಲು ಕನ್ನಡದಲ್ಲಿ ಹೇಳಿದೆ, ಆಮೇಲೆ ಅಮ್ಮನೇ "ಸುಮ್ನಿರೇ, ಕೇಳ್ತೀನಿ" ಅಂದರು. ಮೊದಲ ವಿರಾಮದವರೆಗೆ ಕಂಬಿಗೆ ಒರಗಿ ನಿಂತು ಕೇಳಿದರು. ಜುಲೈ, ಆಗಸ್ಟ್‌ನಲ್ಲಿ ಆಪೆರಾ ರಜೆ ಇರುತ್ತದೆ, ತಿಂಗಳು ಆರಿಸುವಾಗ ಇದು ನೆನಪಿರಲಿ.

ಊಟಕ್ಕೆ ಬರುತ್ತೇನೆ. ಅಡುಗೆಮನೆ ಇರುವ ರೂಮೇ ನಮ್ಮನ್ನು ಉಳಿಸಿದ್ದು. ಅವಲಕ್ಕಿ, ಚಟ್ನಿಪುಡಿ, ಹುರಿದ ರವೆ, ಪುಳಿಯೋಗರೆ ಪುಡಿ ಒಯ್ದಿದ್ದೆವು. ಹಾಲು, ತುಪ್ಪ ಮತ್ತು ಮಾಂಸದ ಪದಾರ್ಥಗಳನ್ನು ಹೊರಗಿನ ದೇಶದಿಂದ ತರಲು ಅಲ್ಲಿ ಬಿಡುವುದಿಲ್ಲ, ಹಸಿ ಕರಿಬೇವೂ ಬೇಡ. ಮೊಸರು, ಅಕ್ಕಿ, ತರಕಾರಿ, ಬ್ರೆಡ್ಡು ಅಲ್ಲಿನ ಸೂಪರ್‌ಮಾರ್ಕೆಟ್‌ನಲ್ಲಿ ಹೋಟೆಲ್ ಊಟಕ್ಕೆ ಹೋಲಿಸಿದರೆ ತುಂಬ ಅಗ್ಗ. ಆದರೆ ಭಾನುವಾರ ಆಸ್ಟ್ರಿಯಾದಲ್ಲಿ ಅಂಗಡಿಗಳು ಮುಚ್ಚಿರುತ್ತವೆ! ಶನಿವಾರ ಸಂಜೆಯೇ ತಂದಿಟ್ಟುಕೊಳ್ಳಿ, ಇಲ್ಲದಿದ್ದರೆ ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಗೇ ಹೋಗಬೇಕು, ಅಲ್ಲಿ ನೂಕುನುಗ್ಗಲು. ನೀರು ಕೊಳ್ಳಲೇಬೇಡಿ. ವಿಯೆನ್ನಾಕ್ಕೆ ಬರುವುದು ಆಲ್ಪ್ಸ್ ಬೆಟ್ಟದ ಊಟೆ ನೀರು, ಮೊದಲ ಕೊಳವೆ 1873ರಲ್ಲೇ ಹಾಕಿದ್ದಾರೆ, ನಲ್ಲಿಯಿಂದ ಹಿಡಿದರೆ ತಣ್ಣಗೆ ಇರುತ್ತದೆ.

ಹೊರಗೆ ತಿಂದಿದ್ದರಲ್ಲಿ ಅಮ್ಮನಿಗೆ ಹಿಡಿಸಿದ್ದು ಬುಡಾಪೆಸ್ಟ್‌ನ ಲಾಂಗೋಶ್. ನಮ್ಮ ಪೂರಿಯನ್ನೇ ತಟ್ಟೆಯಗಲ, ಬೆರಳು ದಪ್ಪ ಮಾಡಿದ ಹಾಗೆ, ಎಣ್ಣೆಯಿಂದ ತೆಗೆದ ಕೂಡಲೇ ಬೆಳ್ಳುಳ್ಳಿ ನೀರು ಸವರಿ, ಹುಳಿ ಕೆನೆ, ಚೀಸ್ ತುರಿ ಹಾಕಿ ಕೊಡುತ್ತಾರೆ. ಹಿಟ್ಟಿಗೆ ಮೊಟ್ಟೆ ಹಾಕಿಲ್ಲ ತಾನೇ ಅಂತ ಕೇಳಿಕೊಂಡೇ ತಗೊಂಡೆವು. ಒಂದನ್ನು ಇಬ್ಬರು ತಿಂದರೆ ಮಧ್ಯಾಹ್ನದ ಊಟ ಮುಗೀತು. ದೊಡ್ಡ ಮಾರುಕಟ್ಟೆಯ ಮಹಡಿಯಲ್ಲಿ ಪ್ರವಾಸಿಗರ ಬೆಲೆ, ಓಣಿಯೊಳಗಿನ ಸಣ್ಣ ಅಂಗಡಿಗೆ ಹೋಗಿ. ಪ್ರಾಗ್‌ನಲ್ಲಿ ಸಸ್ಯಾಹಾರ ಅಂತ ಕೇಳಿದರೆ ಕರಿದ ಚೀಸ್ ತೋರಿಸುತ್ತಾರೆ, ಅದರ ಮೇಲ್ಪದರದಲ್ಲಿ ಮೊಟ್ಟೆ ಇರುತ್ತದೆ, ಹುಷಾರು.

ಬೇಸರವಾದ ಎರಡು ಸಂಗತಿ ಇವೆ. ಬುಡಾಪೆಸ್ಟ್‌ನಲ್ಲಿ ಹಿಡಿದ ರೂಮಿನ ಜಾಹೀರಾತಿನಲ್ಲಿ ಲಿಫ್ಟ್ ಇದೆ ಅಂತ ಬರೆದಿದ್ದರು. ಹೋದರೆ ಲಿಫ್ಟ್ ಕೆಟ್ಟಿದೆ, ವಾರದಿಂದ ಹಾಗೇ ಇದೆಯಂತೆ. ಮೂರನೇ ಮಹಡಿ. ಅಮ್ಮ ಒಂದೊಂದೇ ಮೆಟ್ಟಿಲಿಗೆ ನಿಂತು ಹತ್ತಿದರು, ನನಗೆ ಅಳು ಬಂತು. ಒಂದು ಮೆಸೇಜ್ ಹಾಕಿ ತಿಳಿಸಿದ್ದರೆ ಬೇರೆ ಕಡೆ ನೋಡುತ್ತಿದ್ದೆ. ವಯಸ್ಸಾದವರಿದ್ದರೆ ಹೊರಡುವ ಹಿಂದಿನ ದಿನ ಮತ್ತೊಮ್ಮೆ ಕೇಳಿ. ಇನ್ನೊಂದು, ಅಲ್ಲೇ ಬೀದಿಯ ಒಂದು ಎಟಿಎಂ. ಅಲ್ಲಿನ ಹಣ ಫೋರಿಂಟ್ ತೆಗೆಯುವಾಗ "ರೂಪಾಯಿಯಲ್ಲಿ ಲೆಕ್ಕ ಹಾಕಲೇ" ಅಂತ ಕೇಳಿತು. ಹೌದು ಅಂತ ಒತ್ತಿದೆ, ಸುಮಾರು ಸಾವಿರ ರೂಪಾಯಿ ಜಾಸ್ತಿ ಹೋಯಿತು. ಯಂತ್ರ ಹಾಗೆ ಕೇಳಿದಾಗ ಬೇಡ ಅನ್ನಿ, ಆ ಊರಿನ ಹಣದಲ್ಲೇ ತೆಗೆಯಿರಿ. ಹಂಗೇರಿಗೆ ಫೋರಿಂಟ್, ಚೆಕ್‌ಗೆ ಕೊರುನಾ, ಆಸ್ಟ್ರಿಯಾ ಮತ್ತು ಸ್ಲೊವಾಕಿಯಾಗೆ ಯೂರೋ. ಹೆಚ್ಚಿನ ಕಡೆ ಕಾರ್ಡ್ ನಡೆಯುತ್ತದೆ, ನೋಟು ಸ್ವಲ್ಪ ಇದ್ದರೆ ಸಾಕು.

ಆ ಮೆಟ್ಟಿಲ ಸಿಟ್ಟು ಇಳಿಸಿದ್ದು ಬುಡಾಪೆಸ್ಟ್‌ನ ಹಳೇ ಮೆಟ್ರೋ. 1896ರದ್ದು, ಪುಟ್ಟ ಹಳದಿ ಗಾಡಿ, ರಸ್ತೆಯಿಂದ ಕೆಲವೇ ಮೆಟ್ಟಿಲು ಇಳಿದರೆ ಪ್ಲಾಟ್‌ಫಾರ್ಮ್. ಸಂಜೆ 2 ನಂಬರ್ ಟ್ರಾಮ್‌ನಲ್ಲಿ ಡ್ಯಾನ್ಯೂಬ್ ದಡದುದ್ದಕ್ಕೂ ಹೋಗಿ, ಸಂಸತ್ ಭವನ, ಸರಪಳಿ ಸೇತುವೆ ಎಲ್ಲ ದೀಪ ಹಾಕಿಕೊಂಡು ನಿಂತಿರುತ್ತವೆ. ದೋಣಿ ವಿಹಾರದ ದುಡ್ಡು ನಮಗೆ ಉಳಿಯಿತು.

ಬ್ರಾಟಿಸ್ಲಾವಾಕ್ಕೆ ಅರ್ಧ ದಿನ ಸಾಕು. ಚಿಕ್ಕ ಹಳೇ ಪೇಟೆ, ಮೇಲೆ ಕೋಟೆ. ಮಳೆ ಬಂದರೆ ಬಿಟ್ಟರೂ ನಷ್ಟವಿಲ್ಲ.

ಪ್ರಾಗ್‌ನಲ್ಲಿ ಕೋಟೆ ಗುಡ್ಡದ ಮೇಲಿದೆ, ಎಲ್ಲರೂ ಚಾರ್ಲ್ಸ್ ಸೇತುವೆಯಿಂದ ಏದುಸಿರು ಬಿಡುತ್ತ ಹತ್ತುತ್ತಾರೆ. ನೀವು ಹಾಗೆ ಮಾಡಬೇಡಿ. 22 ನಂಬರ್ ಟ್ರಾಮ್ ಹತ್ತಿ ಕೋಟೆಯ ಸ್ಟಾಪ್‌ನಲ್ಲೂ ಇಳಿಯದೆ ಇನ್ನೂ ಮುಂದೆ ಪೊಹೊರ್ಜೆಲೆಟ್ಸ್‌ನಲ್ಲಿ ಇಳಿಯಿರಿ. ಅಲ್ಲಿಂದ ಕೋಟೆಗೆ ಇಳಿಜಾರು, ಕೋಟೆಯಿಂದ ಸೇತುವೆಗೂ ಇಳಿಜಾರೇ. ಬೆಳಿಗ್ಗೆ ಎಂಟಕ್ಕೆ ಹೊರಟು, ಸಿಕ್ಕ ಬೆಂಚಿನಲ್ಲೆಲ್ಲ ಕೂತು, ಡಬ್ಬಿಯಲ್ಲಿದ್ದ ಪುಳಿಯೋಗರೆ ತಿಂದು, ಮಧ್ಯಾಹ್ನ ಒಂದರ ಹೊತ್ತಿಗೆ ಸೇತುವೆ ಮುಟ್ಟಿದೆವು. ಆ ದಿನ ಅಮ್ಮ ಮಂಡಿಗೆ ಮುಲಾಮು ಕೇಳಲಿಲ್ಲ.