ಮಾಡಿನ ಮೇಲಿನ ಗಿರಗಿಟ್ಲೆ: ಟರ್ಬೊ ವೆಂಟಿಲೇಟರ್ ಜೊತೆ ಆರು ಮಳೆಗಾಲ

ನಮ್ಮ ಮನೆ ಕುಂದಾಪುರದ ಹತ್ತಿರ, ಸಮುದ್ರದಿಂದ ಎರಡು ಕಿಲೋಮೀಟರ್ ಒಳಗೆ. ತಾರಸಿ ಸೋರುತ್ತದೆ ಅಂತ 2017ರಲ್ಲಿ ಅದರ ಮೇಲೆ ಕಬ್ಬಿಣದ ಟ್ರಸ್ (ಮಾಡಿನ ಚೌಕಟ್ಟು) ನಿಲ್ಲಿಸಿ ಶೀಟು ಹಾಕಿಸಿದೆವು. ಕರಾವಳಿಯಲ್ಲಿ ಈಗ ಯಾರ ಮನೆ ನೋಡಿದರೂ ಇದೇ ಕಥೆ ಅಲ್ವಾ? ಸೋರುವುದೇನೋ ನಿಂತಿತು. ಆದರೆ ಮಳೆ ಒಳಗೆ ಹೊಡೆಯುತ್ತದೆ, ಪಾರಿವಾಳ ಗೂಡು ಕಟ್ಟುತ್ತದೆ ಅಂತ ನಾಲ್ಕೂ ಬದಿಗೆ ಶೀಟು ಹೊಡೆಸಿ ಪೂರ್ತಿ ಮುಚ್ಚಿಬಿಟ್ಟೆವು.

ಏನು ಮಾಡಿಕೊಂಡೆವು ಅಂತ ಗೊತ್ತಾಗಿದ್ದು ಮುಂದಿನ ಏಪ್ರಿಲ್‌ನಲ್ಲಿ. ಮಧ್ಯಾಹ್ನ ಮೂರು ಗಂಟೆಗೆ ಒಣಗಿದ ಬಟ್ಟೆ ತರಲು ಮೇಲೆ ಹೋದರೆ, ಭತ್ತ ಬೇಯಿಸುವ ಹಂಡೆಯ ಮುಚ್ಚಳ ತೆಗೆದ ಹಾಗೆ ಮುಖಕ್ಕೆ ಬಡಿಯುತ್ತಿತ್ತು. ಕಂಬಕ್ಕೆ ನೇತುಹಾಕಿದ್ದ ಥರ್ಮಾಮೀಟರ್‌ನಲ್ಲಿ 47 ಡಿಗ್ರಿ, ಹೊರಗೆ ಮಾವಿನ ಮರದ ನೆರಳಲ್ಲಿ 34. ಆ ಕಾವನ್ನೆಲ್ಲ ತಾರಸಿ ಕುಡಿದುಕೊಂಡು ರಾತ್ರಿ ನಮ್ಮ ಮಲಗುವ ಕೋಣೆಗೆ ಬಿಡುತ್ತಿತ್ತು. ಹನ್ನೆರಡಾದರೂ ಫ್ಯಾನ್ ಬಿಸಿ ಗಾಳಿಯನ್ನೇ ತಿರುಗಿಸುತ್ತಿತ್ತು. ನಮ್ಮ ಕಡೆಯ ಸೆಕೆ ಗೊತ್ತಲ್ಲ, ಬೆವರು ಬರುತ್ತದೆ, ಆರುವುದಿಲ್ಲ.

2019ರ ಮಾರ್ಚ್‌ನಲ್ಲಿ 24 ಇಂಚಿನ ಅಲ್ಯೂಮಿನಿಯಂ ಟರ್ಬೊ ವೆಂಟಿಲೇಟರ್ ಎರಡು ಮಾಡಿನ ಮೇಲೆ ಹಾಕಿಸಿದೆ. ಸುತ್ತಲೂ ರೆಕ್ಕೆಗಳಿರುವ, ತಿರುಗುವ ಗುಂಡು ಅದು. ಫಿಟ್ಟಿಂಗ್ ಸೇರಿ ಒಂದಕ್ಕೆ 4,200 ರೂಪಾಯಿ. ಕರೆಂಟ್ ಬೇಡ. ಗಾಳಿ ಬೀಸಿದರೆ ತಿರುಗಿ ಒಳಗಿನ ಬಿಸಿಯನ್ನು ಎಳೆದು ಹಾಕುತ್ತದೆ. ಗಾಳಿ ಇಲ್ಲದಿದ್ದರೂ ಮೇಲೇರಿದ ಬಿಸಿಗಾಳಿ ಅದರ ಸಂದಿನಿಂದಲೇ ಹೊರಗೆ ಹೋಗುತ್ತದೆ. ಪಕ್ಕದ ಮನೆಯವರು ಮಾತ್ರ ಒಂದು ವರ್ಷ ಪೂರ್ತಿ "ಇದರಿಂದ ಎಷ್ಟು ಯೂನಿಟ್ ಕರೆಂಟ್ ಬರ್ತದೆ?" ಅಂತ ಕೇಳುತ್ತಿದ್ದರು.

ನಿಜ ಹೇಳಬೇಕೆಂದರೆ ಮೊದಲ ತಿಂಗಳು ದುಡ್ಡು ದಂಡ ಅನ್ನಿಸಿತು. ಗಿರಗಿಟ್ಲೆ ಹಾಗೆ ಚೆನ್ನಾಗಿ ತಿರುಗುತ್ತಿತ್ತು, ಆದರೆ 47 ಇದ್ದದ್ದು 45ಕ್ಕೆ ಇಳಿಯಿತು, ಅಷ್ಟೇ. ಫಿಟ್ ಮಾಡಿದವರನ್ನು ಕೇಳಿದರೆ "ಇನ್ನೂ ಎರಡು ಹಾಕಿಸಿ" ಅಂದರು. ತಪ್ಪು ಹಿಡಿದದ್ದು ಅಮ್ಮ. "ಕೆಳಗ್ ಗಾಳಿ ಬಪ್ಕೆ ಜಾಗ್ವೇ ಇಲ್ಲ, ಅದ್ ಮೇಲಿಂದ ಎಂತ ಎಳಿತ್ತ್?"

ಅಮ್ಮ ಬೆಳೆದದ್ದು ಹಂಚಿನ ಮನೆಯಲ್ಲಿ. ಅಲ್ಲಿನ ಹಂಚಿನ ಮೇಲೆ ಮಂಗಳೂರಿನ ಹಳೆಯ ಹಂಚಿನ ಕಾರ್ಖಾನೆಯ ಗುರುತು, ಬಾಸೆಲ್ ಮಿಷನ್, 1865 ಅಂತ ಅಚ್ಚು ಇತ್ತು. ಬೆಳಿಗ್ಗೆ ಅಂಗಳದಲ್ಲಿ ನಿಂತು ನೋಡಿದರೆ ಅಡುಗೆಮನೆಯ ಹೊಗೆ ಹಂಚಿನ ಸಂದುಸಂದಿನಿಂದ ಏಳುತ್ತಿತ್ತು, ಮಾಡಿಗೆ ಮಾಡೇ ಉಸಿರು ಬಿಟ್ಟ ಹಾಗೆ. ಸೂರಿನ ಕೆಳಗಿಂದ ಗಾಳಿ ಒಳಗೆ ಬಂದು, ಅಟ್ಟದ ಮೇಲೆ ಹಾದು, ಹಂಚಿನ ನಡುವೆ ಹೊರಗೆ ಹೋಗುತ್ತಿತ್ತು. ಅಟ್ಟದ ತೆಂಗಿನಕಾಯಿಗೆ ಬೂಷ್ಟು ಹಿಡಿಯುತ್ತಿರಲಿಲ್ಲ. ನಾನು ಕಟ್ಟಿಸಿದ್ದು ಮುಚ್ಚಳ ಬಿಗಿದ ಡಬ್ಬಿ.

ಪೂರ್ವ, ಪಶ್ಚಿಮ ಎರಡೂ ಬದಿಯ ಶೀಟಿನ ಬುಡದಲ್ಲಿ ಉದ್ದಕ್ಕೂ ಆರಾರು ಇಂಚು ಕತ್ತರಿಸಿ ಸ್ಟೀಲ್ ಜಾಲರಿ ಹೊಡೆಸಿದೆ. ಮಳೆ ಒಳಗೆ ಎರಚದಂತೆ ಹೊರಗಿನಿಂದ ಶೀಟಿನ ಓರೆ ಮುಸುಕು. ಖರ್ಚು ಒಂದು ವೆಂಟಿಲೇಟರ್‌ನಷ್ಟೂ ಆಗಲಿಲ್ಲ. ಸಂಜೆ ಜಾಲರಿಯ ಹತ್ತಿರ ಊದುಬತ್ತಿ ಹಿಡಿದು ನೋಡಿದೆ. ಹೊಗೆ ನೆಟ್ಟಗೆ ಏಳದೆ ಒಳಕ್ಕೆ ಬಾಗಿತು, ನೆಲ ಸವರಿಕೊಂಡು ಹೋಗಿ ಆಮೇಲೆ ಗಿರಗಿಟ್ಲೆಯ ಕಡೆಗೆ ಎದ್ದಿತು. ಆ ಮೇ ತಿಂಗಳಲ್ಲಿ ಮಧ್ಯಾಹ್ನ ಮೂರಕ್ಕೆ 40 ಡಿಗ್ರಿ. ಮಲಗುವ ಕೋಣೆ ಒಂಬತ್ತೂವರೆಗೆಲ್ಲ ತಣಿಯತೊಡಗಿತು.

ಬಿಸಿಲಿಗಿಂತ ದೊಡ್ಡ ಲಾಭ ಆದದ್ದು ತೇವದ ವಿಷಯದಲ್ಲಿ. ಮೊದಲು ಡಿಸೆಂಬರ್ ಬೆಳಗಿನ ಜಾವ ಶೀಟಿನ ಒಳಬದಿ ಬೆವರಿ ಟಪ್ ಟಪ್ ಅಂತ ಹನಿ ಬೀಳುತ್ತಿತ್ತು. ಮಳೆಯೇ ಇಲ್ಲ, ಶೀಟು ಸೋರುತ್ತಿದೆ ಅಂತ ಮೇಲೆ ಹತ್ತಿ ಹುಡುಕಿದ್ದೂ ಆಯಿತು. ಒದ್ದೆ ಬಟ್ಟೆಯ ತೇವ ಒಳಗೇ ಉಳಿದು, ರಾತ್ರಿ ತಣ್ಣಗಾದ ಶೀಟಿಗೆ ತಾಗಿ ನೀರಾಗುತ್ತಿತ್ತು. ಟ್ರಸ್‌ನ ವೆಲ್ಡಿಂಗ್ ಜಾಗಗಳಿಗೆ ಆಗಲೇ ತುಕ್ಕು ಹಿಡಿದಿತ್ತು. ಈಗ ಹನಿ ಬೀಳುವುದು ಅಪರೂಪ. ಜುಲೈನಲ್ಲಿ ಬಟ್ಟೆ ಗರಿಗರಿ ಒಣಗುವುದಿಲ್ಲ, ಹೊರಗಿನ ಗಾಳಿಯೇ ಒದ್ದೆ ಇರುವಾಗ ಏನು ಮಾಡುವುದು? ಆದರೆ ಮುಗ್ಗಲು ವಾಸನೆ ಇಲ್ಲ.

ಇನ್ನು ದೂರುಗಳು. ಮೊದಲ ಮಳೆಗಾಲದಲ್ಲೇ ಒಂದರ ಬುಡದಲ್ಲಿ ಸೋರಿತು. ವೆಂಟಿಲೇಟರ್ ಕೂರುವ ಬೇಸ್ ಪ್ಲೇಟನ್ನು ಶೀಟಿನ ಮೇಲೆ ಸುಮ್ನೆ ಇಟ್ಟು ಸಿಲಿಕಾನ್ ಬಳಿದಿದ್ದರು. ಪ್ಲೇಟಿನ ಮೇಲಿನ ಅಂಚನ್ನು ಕೋಡಿನ (ಮಾಡಿನ ನೆತ್ತಿಯ) ಶೀಟಿನ ಅಡಿಗೆ ತೂರಿಸಿದ ಮೇಲೆ ಸರಿಹೋಯಿತು. ನೀವು ಹಾಕಿಸುವಾಗ ಪಕ್ಕದಲ್ಲೇ ನಿಂತು ಇದನ್ನು ನೋಡಿಕೊಳ್ಳಿ. 2021ರ ಮೇನಲ್ಲಿ ತೌಕ್ತೆ ಚಂಡಮಾರುತ ಬಂದಾಗ ಒಂದರ ಎರಡು ರೆಕ್ಕೆ ಸೊಟ್ಟಗಾದವು, ಒಳಗೆ ಒಂದು ಬಕೆಟ್ ನೀರು. ಉಪ್ಪುಗಾಳಿಗೆ ಒಂದರ ಬೇರಿಂಗ್ ಮೂರೇ ವರ್ಷ ಬಾಳಿಕೆ ಬಂತು.

ಮತ್ತೊಂದು ಮಾತು. ಶೀಟಿನಿಂದ ನೇರ ತಲೆಗೆ ಹೊಡೆಯುವ ಕಾವನ್ನು ಇದು ತಡೆಯುವುದಿಲ್ಲ. ಮೇಲೆ ಕೂತು ಕೆಲಸ ಮಾಡುವವರಿದ್ದರೆ ಶೀಟಿನ ಅಡಿಗೆ ಫಾಯಿಲ್ ಹಾಸು ಬೇಕೇ ಬೇಕು. ನಮ್ಮದು ಬಟ್ಟೆ, ತೆಂಗಿನಕಾಯಿ ಜಾಗ, ಇಷ್ಟು ಸಾಕು.

ಐದಕ್ಕೆ ನಾಲ್ಕು ಕೊಡುತ್ತೇನೆ, ಅದೂ ಜಾಲರಿ ಹಾಕಿಸಿದ ಮೇಲಿನ ಲೆಕ್ಕ. ಎರಡನೆಯದರ ಬೇರಿಂಗ್ ಈಗ ರಾತ್ರಿ ಕೀಚ್ ಕೀಚ್ ಅನ್ನುತ್ತಿದೆ. ಫಿಟ್ ಮಾಡುವವರು ಮೂರು ವಾರದಿಂದ "ನಾಳೆ ಬರ್ತೆ" ಅನ್ನುತ್ತಿದ್ದಾರೆ.