ಅಗ್ಗದ 16 ಟಿಬಿ ಡಿಸ್ಕ್ ನಂಬಿ ಮನೆಯ ಬ್ಯಾಕಪ್ ಇಡಬೇಡಿ

ಎರಡು ಸಾವಿರ ರೂಪಾಯಿಗೆ 16 ಟಿಬಿ (1 ಟಿಬಿ ಅಂದರೆ ಸುಮಾರು ಸಾವಿರ ಜಿಬಿ) ಎಸ್‌ಎಸ್‌ಡಿ, ಅಂದರೆ ಚಿಪ್ಪಿನಲ್ಲಿ ಫೈಲ್ ಉಳಿಸುವ ಡಿಸ್ಕ್, ಅಂತ ಆನ್‌ಲೈನ್‌ನಲ್ಲಿ ಮಾರುತ್ತಾರಲ್ಲ, ದಯವಿಟ್ಟು ಅದನ್ನು ತರಿಸಬೇಡಿ. ನಮ್ಮ ಅಕ್ಕನ ಮದುವೆ ಫೋಟೋಗಳಲ್ಲಿ ಮುಕ್ಕಾಲು ಪಾಲು ಅದರಿಂದಲೇ ಹೋದವು.

ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಪ್ಪಯ್ಯನ ಅಡಿಕೆ ಲೆಕ್ಕ, ಪಹಣಿ ಸ್ಕ್ಯಾನ್, ಮದುವೆ ಫೋಟೋ, ವಿಡಿಯೋ ಎಲ್ಲಾ ಒಂದೇ ಕಂಪ್ಯೂಟರಿನಲ್ಲಿ. ಜಾಗ ತುಂಬಿ ಹೋಗಿತ್ತು. ಗೂಗಲ್ ಪುಕ್ಕಟೆ ಕೊಡುವ 15 ಜಿಬಿ ಯಾವುದಕ್ಕೂ ಸಾಲುವುದಿಲ್ಲ, ನೆಟ್ಟೂ ನಿಧಾನ. ಹಾಗಾಗಿ ಈ ಡಿಸ್ಕ್ ಬಂತು. ಚುಚ್ಚಿದ ಕೂಡಲೇ ವಿಂಡೋಸ್ ಅಷ್ಟೂ ಜಾಗ ತೋರಿಸಿತು. ಕಾಪಿ ಪೂರ್ತಿ ಆಯ್ತು, ಒಂದು ಎರರ್ ಕೂಡ ಬರಲಿಲ್ಲ.

ಆಷಾಢದ ಮಳೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಿದ್ದಾಗ ಕಂಪ್ಯೂಟರಿನ ಒಳಗಿನ ಡಿಸ್ಕ್ ಕೆಟ್ಟಿತು. ಬ್ಯಾಕಪ್ ತೆಗೆದು ನೋಡಿದರೆ ಫೋಲ್ಡರ್ ಇದೆ, ಫೈಲ್ ಹೆಸರಿದೆ, ಸೈಜೂ ಸರಿಯಿದೆ. ಫೋಟೋ ಮಾತ್ರ ತೆರೆಯುವುದಿಲ್ಲ. ಧಾರೆ ಎರೆಯುವ ಹೊತ್ತಿನ ಒಂದು ಚಿತ್ರವೂ ಉಳಿದಿಲ್ಲ. ಅಕ್ಕ ಅವತ್ತು ಸರಿಯಾಗಿ ಊಟ ಮಾಡಲಿಲ್ಲ.

ಶಿವಮೊಗ್ಗದ ರಿಪೇರಿ ಅಂಗಡಿಯವರು ನಮ್ಮೆದುರೇ ಡಬ್ಬಿ ಬಿಚ್ಚಿದರು. ಒಳಗೆ ಸಣ್ಣ ಬೋರ್ಡು, ಅದಕ್ಕೆ ಗೋಂದು ಹಾಕಿ ಅಂಟಿಸಿದ ಒಂದು 64 ಜಿಬಿ ಮೆಮೊರಿ ಕಾರ್ಡು. ಅಷ್ಟೇ! ಬೋರ್ಡಿನ ಚಿಪ್ಪಿಗೆ ಸುಳ್ಳು ಸೈಜ್ ಹೇಳುವಂತೆ ಮಾಡಿರುತ್ತಾರೆ. ನಿಜವಾದ ಜಾಗ ತುಂಬಿದ ಮೇಲೆ ಬರುವ ಫೈಲುಗಳನ್ನು ಅದು ಹಾಗೇ ಬಿಟ್ಟುಬಿಡುತ್ತದೆ, ಇಲ್ಲವೇ ಹಳೆಯದರ ಮೇಲೇ ಬರೆಯುತ್ತದೆ. ಹೆಸರುಗಳ ಪಟ್ಟಿ ಮಾತ್ರ ಉಳಿಯುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಬರೆಯದೇ ಇದ್ದದ್ದನ್ನು ಯಾವ ರಿಕವರಿಯವರೂ ತೆಗೆದುಕೊಡಲಾರರು.

ನಿಜವಾದ 8 ಟಿಬಿ ಎಸ್‌ಎಸ್‌ಡಿಗೇ ಹತ್ತಾರು ಸಾವಿರ ಕೊಡಬೇಕು. ಅಂಥದ್ದು ಮನೆಗೆ ಬೇಕೂ ಇಲ್ಲ. ವಿಂಡೋಸ್, ಪ್ರೋಗ್ರಾಂ, ಇಳಿಸಿಕೊಂಡ ಸಿನಿಮಾ ಇವೆಲ್ಲ ಮತ್ತೆ ಸಿಗುತ್ತವೆ, ಅವಕ್ಕೆ ಬ್ಯಾಕಪ್ ಯಾಕೆ? ಅವನ್ನು ಬಿಟ್ಟರೆ ನಮ್ಮ ಮನೆಯ ಕಾಗದಪತ್ರ, ಫೋಟೋ, ವಿಡಿಯೋ ಎಲ್ಲಾ 1 ಟಿಬಿಯೊಳಗೆ ಆರಾಮಾಗಿ ಹಿಡಿಯುತ್ತವೆ. ಗೊತ್ತಿರುವ ಅಂಗಡಿಯಲ್ಲಿ ಬಿಲ್ಲು, ವಾರಂಟಿ ಕೇಳಿ ಸಾಧಾರಣ ಹಾರ್ಡ್ ಡಿಸ್ಕ್ ತಗೊಳ್ಳಿ. ಅಂದಹಾಗೆ, 1 ಟಿಬಿ ಡಿಸ್ಕ್ ವಿಂಡೋಸಿನಲ್ಲಿ 931 ಜಿಬಿ ಅಂತ ಕಾಣುವುದು ಮೋಸ ಅಲ್ಲ. ಕೆಬಿ, ಎಂಬಿ, ಜಿಬಿ ಅಂತ ಮೇಲೇರುವ ಪ್ರತಿ ಹಂತಕ್ಕೂ ಕಂಪನಿ ಸಾವಿರದ ಲೆಕ್ಕ ಹಿಡಿಯುತ್ತದೆ, ವಿಂಡೋಸ್ 1024ರ ಲೆಕ್ಕ.

ಹೊಸ ಡಿಸ್ಕ್ ಎಲ್ಲೇ ತಗೊಂಡರೂ ಖಾಲಿ ಇರುವಾಗಲೇ ಪರೀಕ್ಷೆ ಮಾಡಿ. ವಿಂಡೋಸಿಗೆ ಎಚ್2ಟೆಸ್ಟ್‌ಡಬ್ಲ್ಯೂ (H2testw), ಲಿನಕ್ಸಿಗೆ ಎಫ್3 (F3) ಅಂತ ಉಚಿತ ಪ್ರೋಗ್ರಾಂಗಳಿವೆ. ಅವು ಡಿಸ್ಕ್ ತುಂಬಾ ಬರೆದು, ಅದನ್ನೇ ಮತ್ತೆ ಓದಿ ತಾಳೆ ನೋಡುತ್ತವೆ. ದೊಡ್ಡ ಡಿಸ್ಕಿಗೆ ಹಗಲು ರಾತ್ರಿ ಹಿಡಿದರೂ ಹಿಡಿಯಬಹುದು, ಆದ್ದರಿಂದ ಕರೆಂಟ್ ನೆಟ್ಟಗಿರುವ ದಿನ ಹಚ್ಚಿ. ವಾಪಸ್ ಕಳಿಸುವ ಅವಧಿ ಮುಗಿಯುವುದರೊಳಗೆ ಇದು ಆಗಬೇಕು. ನಾವು ನೋಡುವ ಹೊತ್ತಿಗೆ ಮಾರಿದವರ ಪೇಜೇ ಇರಲಿಲ್ಲ.

ಇಂಥ ಡಿಸ್ಕ್ ಈಗಾಗಲೇ ನಿಮ್ಮ ಮನೆಯಲ್ಲಿದ್ದರೆ ಇವತ್ತೇ ತೆಗೆಯಿರಿ. ಮೊದಲು ಹಾಕಿದವು, ನಡುವಿನವು, ಕೊನೆಯವು, ಹೀಗೆ ಅಲ್ಲಲ್ಲಿ ಫೈಲ್ ತೆರೆದು ನೋಡಿ. ಒಂದು ತೆರೆಯದಿದ್ದರೂ ಅದಕ್ಕೆ ಇನ್ನೇನೂ ಬರೆಯಬೇಡಿ. ಕಂಪ್ಯೂಟರಿನಲ್ಲಿ ಮೂಲ ಇರುವಾಗಲೇ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ.