ಗೊಂಡ್ವಾನಾ ಮರದ ಜೋಡಣೆ: ಕೊಳ್ಳಬಹುದು, ಆದರೆ ಮಡಗಾಸ್ಕರ್ ನೀವೇ ಮಾಡಿಕೊಳ್ಳಬೇಕು

ಹೈಸ್ಕೂಲಿನಲ್ಲಿರುವ ಮಗಳಿಗಾಗಿ ತರಿಸಿದ ಈ ಜೋಡಣೆಯಾಟದ ಪೆಟ್ಟಿಗೆಯಲ್ಲಿ, ಕೋಟ್ಯಂತರ ವರ್ಷಗಳ ಹಿಂದೆ ಗೊಂಡ್ವಾನಾ ಎಂಬ ಒಂದೇ ಭೂಖಂಡವಾಗಿ ಕೂಡಿಕೊಂಡಿದ್ದ ದಕ್ಷಿಣ ಅಮೆರಿಕ, ಆಫ್ರಿಕಾ, ಭಾರತ, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾಗಳ ಐದು ಮರದ ತುಂಡುಗಳೂ ಒಂದು ಕೈಪಿಡಿಯೂ ಇವೆ. ಒಂದಾಗಿದ್ದ ಖಂಡಗಳು ನಿಧಾನವಾಗಿ ಸರಿದು ದೂರವಾದವು ಎಂದು ವಿಜ್ಞಾನಿ ಆಲ್‌ಫ್ರೆಡ್ ವೆಗೆನರ್ 1912ರಲ್ಲಿ ಮಂಡಿಸಿದ ಭೂಖಂಡಗಳ ಅಲೆತ ಸಿದ್ಧಾಂತವನ್ನು ಬಾಯಿಪಾಠ ಮಾಡಿದ್ದ ಮಗಳು ಅದರ ಪುರಾವೆಗಳನ್ನು ಕೈಯಲ್ಲಿ ಹಿಡಿದು ನೋಡಲಿ ಎಂಬುದು ನನ್ನ ಆಸೆಯಾಗಿತ್ತು. ಅದು ಬಹುಮಟ್ಟಿಗೆ ಈಡೇರಿದೆ.

ಪಳೆಯುಳಿಕೆಗಳು ಸಿಕ್ಕ ಪ್ರದೇಶಗಳನ್ನು ಬಣ್ಣದ ಪಟ್ಟಿಗಳಾಗಿ ಕೊರೆದಿರುವುದು ಇದರ ದೊಡ್ಡ ಗುಣ. ಬ್ರೆಜಿಲ್‌ನ ಉಬ್ಬು ಗಿನಿ ಕೊಲ್ಲಿಯ ತಗ್ಗಿನೊಳಗೆ ಕೂತೊಡನೆ, ಒಂದು ತುಂಡಿನಲ್ಲಿ ಅರ್ಧಕ್ಕೇ ನಿಂತಿದ್ದ ಮೆಸೊಸಾರಸ್‌ನ ನೀಲಿ ಪಟ್ಟಿ ಇನ್ನೊಂದರಲ್ಲಿ ಮುಂದುವರಿಯುತ್ತದೆ. ಸುಮಾರು ಒಂದು ಮೀಟರ್ ಉದ್ದದ ಆ ಸರೀಸೃಪ ಅಟ್ಲಾಂಟಿಕ್ ಸಾಗರವನ್ನು ಈಜಿ ದಾಟಿರಲಾರದು ಎಂದು ಬೇರೆ ವಿವರಿಸಬೇಕಾಗಿ ಬರಲಿಲ್ಲ. ಗ್ಲಾಸಾಪ್ಟೆರಿಸ್ ಸಸ್ಯದ ಹಸಿರು ಪಟ್ಟಿ ಐದೂ ತುಂಡುಗಳಲ್ಲಿದೆ. ನಮ್ಮ ರಾಣಿಗಂಜ್, ಝರಿಯಾಗಳ ಕಲ್ಲಿದ್ದಲು ಗಣಿಗಳಲ್ಲಿ ಸಿಗುವ ಈ ಎಲೆಯ ಅಚ್ಚು, 1912ರಲ್ಲಿ ದಕ್ಷಿಣ ಧ್ರುವದಿಂದ ಮರಳುವಾಗ ಮಡಿದ ಬ್ರಿಟಿಷ್ ಅನ್ವೇಷಕ ಸ್ಕಾಟ್ ಮತ್ತು ಸಂಗಡಿಗರು ಕೊನೆಯವರೆಗೂ ಎಳೆದು ತಂದಿದ್ದ ಸುಮಾರು 16 ಕಿಲೊ ಕಲ್ಲುಗಳಲ್ಲಿಯೂ ಇತ್ತು. ಕೈಪಿಡಿಯ ಆ ಪುಟವನ್ನು ಮಗಳು ಎರಡು ಸಲ ಓದಿದಳು.

ಕೊರತೆಗಳೂ ಇವೆ. ತುಂಡುಗಳನ್ನು ಇಂದಿನ ಕರಾವಳಿಯ ಗೆರೆಯ ಮೇಲೆಯೇ ಕತ್ತರಿಸಿರುವುದರಿಂದ ಅಲ್ಲಲ್ಲಿ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಖಂಡಗಳ ನಿಜವಾದ ಅಂಚು ಸಮುದ್ರದೊಳಗಿನ ಇಳಿಜಾರಿನಲ್ಲಿದೆ. 1965ರಲ್ಲಿ ಭೂಭೌತ ವಿಜ್ಞಾನಿ ಬುಲರ್ಡ್ ಮತ್ತು ಸಂಗಡಿಗರು ಕಂಪ್ಯೂಟರ್ ಬಳಸಿ ಸುಮಾರು 900 ಮೀಟರ್ ಆಳದ ಗೆರೆಯನ್ನು ಹೊಂದಿಸಿದಾಗ ಅಟ್ಲಾಂಟಿಕ್‌ನ ಎರಡೂ ದಡಗಳು ಬಹಳ ಚೆನ್ನಾಗಿ ಕೂಡಿಕೊಂಡವು. ಇದನ್ನು ಹೇಳದೆ ಬಿಟ್ಟರೆ, ಸಂದು ಕಂಡ ಮಗು ಸಿದ್ಧಾಂತವನ್ನೇ ಅನುಮಾನಿಸೀತು. ಖಂಡಗಳನ್ನು ತಳ್ಳುವ ಬಲ ಯಾವುದೆಂದು ವೆಗೆನರ್ ಸಮರ್ಪಕವಾಗಿ ತೋರಿಸಲಾಗಲಿಲ್ಲ, 1960ರ ದಶಕದಲ್ಲಿ ಸಾಗರತಳ ಹರಡುವುದು (ಸಾಗರದ ನಡುವೆ ಹೊಸ ಶಿಲೆ ಹುಟ್ಟಿ ತಳ ಎರಡೂ ಕಡೆಗೆ ಸರಿಯುವುದು) ಖಚಿತವಾದ ಮೇಲೆಯೇ ಈ ವಿಚಾರಕ್ಕೆ ಮನ್ನಣೆ ದೊರೆಯಿತು ಎಂಬುದಕ್ಕೆ ಕೈಪಿಡಿ ಎರಡೇ ಸಾಲು ಕೊಟ್ಟಿದೆ.

ನನಗೆ ಹೆಚ್ಚು ಬೇಸರವಾದದ್ದು ಮಡಗಾಸ್ಕರನ್ನು ಆಫ್ರಿಕಾದ ತುಂಡಿಗೇ ಅಂಟಿಸಿಬಿಟ್ಟಿರುವುದು. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸಿಗುವ ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳು, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಹೊತ್ತಿಗೆ ಉಕ್ಕಿದ ಲಾವಾ ತಣ್ಣಗಾಗಿ ಬಿರಿದು ಆದವು. ಅದೇ ಕಾಲದ ಜ್ವಾಲಾಮುಖಿ ಶಿಲೆಗಳು ಮಡಗಾಸ್ಕರ್‌ನಲ್ಲಿಯೂ ಇವೆ. ಕನ್ನಡದ ಮಕ್ಕಳು ಮುಟ್ಟಿ ನೋಡಬಹುದಾದ ಪುರಾವೆಗೆ ಈ ಆಟಿಕೆಯಲ್ಲಿ ಜಾಗವಿಲ್ಲದಿರುವುದು ದೊಡ್ಡ ಲೋಪ. ನಾವು ರಟ್ಟಿನಲ್ಲಿ ಮಡಗಾಸ್ಕರ್ ಕತ್ತರಿಸಿ ಭಾರತದ ಪಡುವಣ ಅಂಚಿಗೆ ಇಟ್ಟೆವು. ಮಗಳು ಮಲ್ಪೆ ಇರುವಲ್ಲಿ ಕೆಂಪು ಚುಕ್ಕೆ ಹಾಕಿದಳು.

ಮರ ಗಟ್ಟಿಯಾಗಿದೆ, ಬಣ್ಣ ಬಿಟ್ಟಿಲ್ಲ. ಹನ್ನೆರಡು ವರ್ಷ ದಾಟಿದ ಮಕ್ಕಳಿರುವ ಮನೆಗೆ ಧಾರಾಳವಾಗಿ ತರಿಸಬಹುದು.